11 ಮೊದಲೋ, 1-1 ಮೊದಲೋ

ಅವರು ಸ್ಲೈಡ್ ಹಾಕಲಿಲ್ಲ. ಮಾರ್ಕರ್ ತೆಗೆದುಕೊಂಡು ಬಿಳಿ ಬೋರ್ಡಿನ ಮೇಲೆ 11 ಎಂದು ಬರೆದರು. ಅದರ ಕೆಳಗೆ 1-1 ಎಂದು ಬರೆದರು. ಆಮೇಲೆ ಕೋಣೆಯಲ್ಲಿದ್ದ ಎಪ್ಪತ್ತು ಜನರ ಕಡೆ ತಿರುಗಿ, "ಇವೆರಡರಲ್ಲಿ ಯಾವುದು ಮೊದಲು ಬರಬೇಕು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಎರಡನೇ ಸಾಲಿನಲ್ಲಿ ಕುಳಿತಿದ್ದ ನನಗೆ ಉತ್ತರ ಗೊತ್ತಿತ್ತು. ಈ ಇಪ್ಪತ್ತು ನಿಮಿಷಕ್ಕಾಗಿ ಐದು ತಿಂಗಳಿಂದ ನಾನು ಅವರ ಬೆನ್ನು ಹತ್ತಿದ್ದೆ.

ಇದು 2025ರ ಆಗಸ್ಟ್ ತಿಂಗಳ ಮಾತು. ಬೆಂಗಳೂರಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವ ನಾವು ಎಂಟು ಜನ ಸೇರಿ ವರ್ಷಕ್ಕೊಮ್ಮೆ ಒಂದು ದಿನದ ಸಮ್ಮೇಳನ ನಡೆಸುತ್ತೇವೆ. ನಡುನಡುವೆ ಶನಿವಾರಗಳಂದು ಚಿಕ್ಕ ಮೀಟಪ್‌ಗಳೂ ಇರುತ್ತವೆ. ಎಲ್ಲರೂ ಕೆಲಸದಲ್ಲಿರುವವರೇ, ರಾತ್ರಿ ಮಕ್ಕಳು ಮಲಗಿದ ಮೇಲೆ ಇದರ ಕೆಲಸ. ನಾನು ಹದಿನೇಳು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೇನೆ. ಮೊದಲ ಏಳು ವರ್ಷ ಒರಾಕಲ್, ಆಮೇಲೆ ಪೋಸ್ಟ್‌ಗ್ರೆಸ್. ಸಮ್ಮೇಳನಕ್ಕೆ ಕೇಳುಗಳಾಗಿ ಹೋಗುತ್ತಿದ್ದವಳು ಈಗ ಭಾಷಣಗಳ ಆಯ್ಕೆಯ ಹೊಣೆ ಹೊತ್ತಿದ್ದೇನೆ.

ಅವರನ್ನು ನಾನು ಮೊದಲು ಕಂಡದ್ದು 2025ರ ಮಾರ್ಚ್ ಮೊದಲ ವಾರ, ಇಲ್ಲೇ ಬೆಂಗಳೂರಿನಲ್ಲಿ ಪೋಸ್ಟ್‌ಗ್ರೆಸ್ ಬಳಕೆದಾರರ ದೊಡ್ಡ ಸಮ್ಮೇಳನ ಪಿಜಿಕಾನ್ಫ್ ಇಂಡಿಯಾ ನಡೆದಾಗ. ಕಾಫಿಗೆ ಸಾಲು ನಿಂತಿದ್ದೆವು. ನನ್ನ ಹಿಂದೆ ಇಬ್ಬರು ಕನ್ನಡದಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ, "ನಮ್ಮಲ್ಲಿ ಒಬ್ಬ ರೈತ ಇಬ್ಬರಾಗಿಬಿಟ್ಟಿದ್ದರು, ಅರ್ಧ ಹಾಲಿನ ದುಡ್ಡು ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ" ಎಂದರು. ನಾನು ಕಾಫಿ ಬಿಟ್ಟು ಹಿಂದೆ ತಿರುಗಿದೆ.

ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಅವರ ಕೆಲಸ. ಸರ್ವರ್, ಡೇಟಾಬೇಸ್, ಬ್ಯಾಕಪ್, ಕೆಟ್ಟ ಪ್ರಿಂಟರ್, ಎಲ್ಲಕ್ಕೂ ಅವರೊಬ್ಬರೇ. ಹಳೆಯ ಸದಸ್ಯರಿಗೆ 11, 112 ಎಂಬಂಥ ಸಂಖ್ಯೆಗಳಿದ್ದವು. ಆಮೇಲೆ ಸೇರಿದವರಿಗೆ ಸಂಘದ ಸಂಖ್ಯೆ, ಅಡ್ಡಗೆರೆ, ಸದಸ್ಯ ಸಂಖ್ಯೆ: 1-1, 1-12, 4-37. ಅವರ ಸರ್ವರ್‌ನಲ್ಲಿದ್ದ ಹಳೆಯ ಲಿನಕ್ಸ್ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ಮುಗಿಯುತ್ತಿತ್ತಲ್ಲ, ಆ ಗಡುವಿನ ಮುಂಚೆ ಎಲ್ಲರಂತೆ ಅವರೂ ಹೊಸ ಲಿನಕ್ಸ್‌ಗೆ ಹೋದರು. ಹೊಸ ಯಂತ್ರವನ್ನು ಹಳೆಯದಕ್ಕೆ ರೆಪ್ಲಿಕಾ, ಅಂದರೆ ತಾನಾಗಿ ನಕಲಾಗುತ್ತಿರುವ ಪ್ರತಿ, ಮಾಡಿ, ಎರಡೂ ಸಮವಾದ ಮೇಲೆ, ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಹಾಲು ಅಳೆಯುವ ಹೊತ್ತಿಗೆ ಮುಂಚೆ ಬದಲಾಯಿಸಿದರು. ಕೈಪಿಡಿಯಲ್ಲಿ ಇರುವಂತೆಯೇ ಮಾಡಿದರು. ಸಾಲುಗಳ ಲೆಕ್ಕ ತಾಳೆಯಾಯಿತು. ನೆಮ್ಮದಿಯಿಂದ ಮನೆಗೆ ಹೋದರು.

ಮರುದಿನ ಒಂದು ಸಂಘದ ಕಾರ್ಯದರ್ಶಿಯಿಂದ ಫೋನ್: ಸದಸ್ಯರೊಬ್ಬರ ಸಂಖ್ಯೆ ಒತ್ತಿದರೆ "ಇಲ್ಲ" ಎನ್ನುತ್ತಿದೆ. ಹಾಲಿನ ಕ್ಯಾನ್ ಮುಂದೆ ಜನ ಸಾಲು ನಿಂತಿದ್ದಾರೆ, ಕಾರ್ಯದರ್ಶಿ ಏನು ಮಾಡಬೇಕು? ಸದಸ್ಯರನ್ನು ಹೊಸದಾಗಿ ಸೇರಿಸಿದರು. ಒಂದೇ ಸಂಖ್ಯೆ ಎರಡು ಬಾರಿ ಬರಬಾರದೆಂದು ಡೇಟಾಬೇಸ್‌ನಲ್ಲಿ ಕಟ್ಟುಪಾಡು ಇತ್ತು. ಆದರೂ ಅದು ಮರುಮಾತಿಲ್ಲದೆ ಸೇರಿಸಿಕೊಂಡಿತು.

ಕಾರಣ ಪೋಸ್ಟ್‌ಗ್ರೆಸ್‌ನಲ್ಲಿ ಇರಲೇ ಇಲ್ಲ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಅದು ವಾಡಿಕೆಯಾಗಿ ಕೆಳಗಿರುವ ಲಿನಕ್ಸ್‌ನ ಗ್ಲಿಬ್‌ಸಿ ಎಂಬ ಲೈಬ್ರರಿಯನ್ನು ಕೇಳುತ್ತದೆ. ಹಳೆಯ ಗ್ಲಿಬ್‌ಸಿಯಲ್ಲಿ, ಸಾಮಾನ್ಯವಾಗಿ ಎಲ್ಲರೂ ಇಟ್ಟುಕೊಳ್ಳುವ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್), 11 ಮೊದಲು, 1-1 ಆಮೇಲೆ. 2018ರ ಆಗಸ್ಟ್‌ನಲ್ಲಿ ಬಂದ 2.28ನೇ ಆವೃತ್ತಿಯಿಂದ 1-1 ಮೊದಲು, 11 ಆಮೇಲೆ. ಇಂಡೆಕ್ಸ್ ಎಂಬುದು ಹಳೆಯ ಕ್ರಮದಲ್ಲಿ ಜೋಡಿಸಿಟ್ಟ ಪಟ್ಟಿ. ರೆಪ್ಲಿಕಾ ಮಾಡಿದಾಗ ಆ ಪಟ್ಟಿ ಬೈಟಿಗೆ ಬೈಟು ಹಾಗೆಯೇ ಹೊಸ ಯಂತ್ರಕ್ಕೆ ಬಂತು. ಹುಡುಕುವವನು ಮಾತ್ರ ಹೊಸ ಕ್ರಮದಲ್ಲಿ ಹುಡುಕತೊಡಗಿದ. ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ, ಖಾಲಿ ಜಾಗ ನೋಡಿ, "ಇಲ್ಲ" ಎಂದು ವಾಪಸ್ ಬಂದ. ಹೊಸ ಸಾಲು ಸೇರಿಸುವಾಗಲೂ ಅದೇ ತಪ್ಪು ಜಾಗಕ್ಕೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಎರಡನೆಯವರನ್ನು ಕೂರಿಸಿದ.

ನಮ್ಮ ಓದುಗರಿಗೆ ಇದನ್ನು ಹೀಗೆ ಹೇಳಿದರೆ ಥಟ್ಟನೆ ತಿಳಿದೀತು. ಶಾಲೆಯ ಗೋಡೆಯ ಮೇಲಿನ ವರ್ಣಮಾಲೆಯಲ್ಲಿ ಕ್ಷ, ಜ್ಞ ಎಲ್ಲಕ್ಕಿಂತ ಕೊನೆಗೆ, ಳ ಆದ ಮೇಲೆ ಇರುತ್ತವೆ. ನಿಘಂಟಿನಲ್ಲಿ ಕ್ಷ ಬರುವುದು ಕ ಅಡಿಯಲ್ಲಿ. ಗೋಡೆಯ ಪಟ ನೋಡಿ ಕಲಿತ ಮಗುವಿನ ಕೈಗೆ ನಿಘಂಟು ಕೊಟ್ಟು "ಕ್ಷಮೆ ಹುಡುಕು" ಎಂದರೆ, ಅದು ಕೊನೆಯ ಪುಟಗಳನ್ನು ತಿರುವಿ ಆ ಪದವೇ ಇಲ್ಲ ಎನ್ನುತ್ತದೆ. ಪುಸ್ತಕವೂ ಸರಿ, ಮಗು ಕಲಿತದ್ದೂ ಸರಿ. ಎರಡರ ಕ್ರಮ ಬೇರೆ.

ಅವರಿಗೆ ಇದು ತಿಳಿದದ್ದು ಹದಿನೈದು ದಿನದ ಬಟವಾಡೆ ಪಟ್ಟಿ ಮುದ್ರಿಸಿದಾಗ, ಒಂದೇ ಹೆಸರು ಎರಡೆರಡು ಕಡೆ ಕಂಡಾಗ. 43 ಸದಸ್ಯರು ಇಬ್ಬಿಬ್ಬರಾಗಿದ್ದರು. ಹಾಗೆಯೇ ಇಂಡೆಕ್ಸ್ ಮರಳಿ ಕಟ್ಟಲು ಹೋದರೆ, ನಕಲಿ ಸಾಲುಗಳಿವೆ ಎಂದು ಡೇಟಾಬೇಸ್ ತಡೆಯಿತು. ಆಗ ಮೂರು ರಾತ್ರಿ ಕುಳಿತು, ಸಂಘದ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಸಾಲನ್ನು ಕೈಯಿಂದ ಕೂಡಿಸಿದರು. ರೆಪ್ಲಿಕಾ ಬದಲು ಡಂಪ್ ಹಾದಿಯನ್ನು ಹಿಡಿದಿದ್ದರೆ, ಅಂದರೆ ಡೇಟಾವನ್ನು ಹೊರಗೆ ಬರೆದು ಹೊಸ ಯಂತ್ರದಲ್ಲಿ ಮತ್ತೆ ತುಂಬಿಸಿದ್ದರೆ, ಇಂಡೆಕ್ಸ್‌ಗಳು ಹೊಸ ಕ್ರಮದಲ್ಲೇ ಹುಟ್ಟುತ್ತಿದ್ದವು, ಏನೂ ಆಗುತ್ತಿರಲಿಲ್ಲ. ಆದರೆ ಅದಕ್ಕೆ ಐದಾರು ಗಂಟೆ ಸೇವೆ ನಿಲ್ಲಿಸಬೇಕಿತ್ತು. ಬೆಳಿಗ್ಗೆ ಹಾಲು, ಸಂಜೆ ಹಾಲು, ನಡುವೆ ಅಷ್ಟು ಸಮಯ ಎಲ್ಲಿದೆ?

"ಇದನ್ನು ಆಗಸ್ಟ್‌ನಲ್ಲಿ ನಮ್ಮ ಸಮ್ಮೇಳನದಲ್ಲಿ ಹೇಳುತ್ತೀರಾ?" ಎಂದು ಕೇಳಿದೆ.

ಅವರ ಮುಖ ಚಿಕ್ಕದಾಯಿತು. "ಬೇಡ ಮೇಡಂ. ನಾನೇ ಮಾಡಿದ ತಪ್ಪು ಅದು. ಯಾರಿಗಾದರೂ ಗೊತ್ತಾದರೆ ಏನು ಅಂದುಕೊಂಡಾರು?"

ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಕಳೆದ ಸಲ ಒಂಬತ್ತು ಭಾಷಣಗಳ ಜಾಗಕ್ಕೆ ನಮಗೆ 52 ಪ್ರಸ್ತಾವಗಳು ಬಂದವು. ಮೊದಲ ಸುತ್ತಿನಲ್ಲಿ ಹೆಸರು, ಕಂಪನಿ ಮುಚ್ಚಿ ಓದುತ್ತೇವೆ. ಮೂವತ್ತಕ್ಕೂ ಹೆಚ್ಚು ಪ್ರಸ್ತಾವಗಳ ತಿರುಳು ಒಂದೇ: ಡೇಟಾಬೇಸ್‌ಗೆ ನಾವು ಕೇಳುವ ಕ್ವೆರಿ ನಿಧಾನವಿತ್ತು, ಹೀಗೆ ಮಾಡಿದೆವು, ಹತ್ತು ಪಟ್ಟು ವೇಗವಾಯಿತು. ಅವು ಬೇಡವೆಂದಲ್ಲ, ಅಂಥ ಐದನ್ನು ಆರಿಸಿದೆವು. ಆದರೆ ಆ ಹತ್ತು ಪಟ್ಟಿಗೆ ಮುಂಚೆ ಕೈಕೊಟ್ಟ ಮೂರು ಪ್ರಯತ್ನಗಳು ಇದ್ದೇ ಇರುತ್ತವೆ, ಮತ್ತು ಸೋಮವಾರ ನನ್ನ ಕೆಲಸಕ್ಕೆ ಬೇಕಾಗಿರುವುದು ಆ ಮೂರು. ಅವನ್ನೇ ಎಲ್ಲರೂ ಸ್ಲೈಡಿನಿಂದ ತೆಗೆದುಹಾಕಿರುತ್ತಾರೆ. ಬಿದ್ದದ್ದನ್ನು ಹೇಳುತ್ತೇನೆ ಎಂದು ತಾವಾಗಿ ಮುಂದೆ ಬಂದವರು 52ರಲ್ಲಿ ಒಬ್ಬರು ಮಾತ್ರ.

ಬೇರೆಯವರು ಹೇಳಿದ್ದರಿಂದ ನಾವೆಷ್ಟು ಉಳಿದಿದ್ದೇವೆ ಎಂಬುದು ಈ ವೃತ್ತಿಯವರಿಗೆಲ್ಲ ಗೊತ್ತು. 2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್‌ನ ಕಡತಕೋಶವನ್ನೇ ಅಳಿಸಿದರು. ಬ್ಯಾಕಪ್ ನೋಡಿದರೆ ಖಾಲಿ: ಡಂಪ್ ತೆಗೆಯುವ ಸಾಧನದ ಆವೃತ್ತಿ 9.2, ಡೇಟಾಬೇಸ್ 9.6, ಹಾಗಾಗಿ ಅದು ದಿನವೂ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಅಕಸ್ಮಾತ್ತಾಗಿ ಆರು ಗಂಟೆ ಮುಂಚೆ ಒಬ್ಬರು ಕೈಯಿಂದ ತೆಗೆದಿಟ್ಟಿದ್ದ ಪ್ರತಿ ಕಾಪಾಡಿತು. ಅವರು ಮುಚ್ಚಿಡಲಿಲ್ಲ, ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು, ಆಮೇಲೆ ಎಲ್ಲವನ್ನೂ ಬರೆದರು. ಅದನ್ನು ಓದಿದ ವಾರವೇ ನಾನು ನಮ್ಮ ಬ್ಯಾಕಪ್ ಕಡತಗಳ ಗಾತ್ರ ನೋಡಲು ಕುಳಿತೆ. ಅಂದಿನಿಂದ ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಪೂರ್ತಿ ಡೇಟಾಬೇಸ್ ಎಬ್ಬಿಸಿ ನೋಡುವುದು ನನ್ನ ವ್ರತ.

ಆದರೂ ಮರುವರ್ಷ ನನ್ನದೇ ರಾತ್ರಿ ಬಂದಾಗ ನಾನು ಮುಚ್ಚಿಟ್ಟೆ. ಹಳೆಯ ರೆಪ್ಲಿಕಾ ಯಂತ್ರವೊಂದನ್ನು ಶನಿವಾರ ಮಧ್ಯಾಹ್ನ ತೆಗೆದಿದ್ದೆ, ಅದರ ರೆಪ್ಲಿಕೇಶನ್ ಸ್ಲಾಟ್ ತೆಗೆಯಲು ಮರೆತೆ. ಸ್ಲಾಟ್ ಇದ್ದರೆ ಮುಖ್ಯ ಸರ್ವರ್, ಆ ರೆಪ್ಲಿಕಾ ಎಂದಾದರೂ ಬಂದು ಕೇಳೀತೆಂದು ಪ್ರತಿ ಬದಲಾವಣೆಯ ದಾಖಲೆಯನ್ನೂ ಕೂಡಿಡುತ್ತ ಹೋಗುತ್ತದೆ. ಬಾರದ ಅತಿಥಿಗೆ ಎಲೆ ಹಾಕಿ ಕಾಯ್ದ ಹಾಗೆ. ಭಾನುವಾರ ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿತು. ವರದಿಯಲ್ಲಿ "ಡಿಸ್ಕ್ ಸಮಸ್ಯೆ, ಸರಿಪಡಿಸಲಾಗಿದೆ" ಎಂದು ಬರೆದೆ. ಎರಡು ವರ್ಷ ಆ ಸಾಲು ನನ್ನನ್ನು ಚುಚ್ಚುತ್ತಿತ್ತು. 2020ರ ಫೆಬ್ರುವರಿ ಕೊನೆಯಲ್ಲಿ, ಲಾಕ್‌ಡೌನ್‌ಗೆ ಇನ್ನೊಂದು ತಿಂಗಳಿದ್ದಾಗ, ಇದೇ ಊರಿನ ಪಿಜಿಕಾನ್ಫ್‌ನಲ್ಲಿ ಊಟದ ಮೇಜಿನ ಮುಂದೆ ಗುರುತಿಲ್ಲದ ನಾಲ್ವರ ನಡುವೆ ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ನಾಲ್ವರಲ್ಲಿ ಇಬ್ಬರಿಗೆ ಅದೇ ಆಗಿತ್ತು! ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಲ್ಲಿ ಸ್ಲಾಟ್ ಎಷ್ಟು ಕೂಡಿಡಬಹುದು ಎಂಬುದಕ್ಕೆ ಮಿತಿ ಹಾಕುವ ವ್ಯವಸ್ಥೆ ಬಂತು. ನೀವೇ ಹಾಕಿಕೊಳ್ಳದಿದ್ದರೆ ಅದರ ಬೆಲೆ -1, ಅಂದರೆ ಮಿತಿ ಇಲ್ಲ. ಇದನ್ನು ಓದುತ್ತಿರುವ, ಡೇಟಾಬೇಸ್ ನೋಡಿಕೊಳ್ಳುವ ಮಿತ್ರರೇ, ದಯವಿಟ್ಟು ಇವತ್ತೇ ನೋಡಿಕೊಳ್ಳಿ.

ಬಳಕೆದಾರರ ಬಳಗ ಎಂಬ ಏರ್ಪಾಡು ಹುಟ್ಟಿದ್ದೇ ಇದಕ್ಕೆ ಎಂದು ನಾನು ನಂಬಿದ್ದೇನೆ. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂ 704 ಯಂತ್ರ ಬಳಸುವವರು ಸೇರಿ 'ಶೇರ್' ಎಂಬ ಬಳಗ ಕಟ್ಟಿದರು. ಒಂದೇ ಪ್ರೋಗ್ರಾಮನ್ನು ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲಿ ಕುಳಿತು ಮತ್ತೆ ಮತ್ತೆ ಬರೆಯುತ್ತಿದ್ದುದು ಅವರಿಗೆ ಸಾಕಾಗಿತ್ತು. ಡೇಟಾಬೇಸ್ ಎಂಬ ಪದ ಬಳಕೆಗೆ ಬರುವುದಕ್ಕೂ ಮುಂಚಿನ ಮಾತು ಇದು. ಪೋಸ್ಟ್‌ಗ್ರೆಸ್‌ಗಂತೂ ಮಾಲೀಕರೇ ಇಲ್ಲ. 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಯೋಜನೆ ಇಂದು ಊರೂರಿನ ಸ್ವಯಂಸೇವಕರ ಕೈಯಲ್ಲಿದೆ. ದೂರು ಕೊಡಲು ಒಂದು ಕಚೇರಿ ಇಲ್ಲದ ಮೇಲೆ, ನಮ್ಮ ಕಷ್ಟ ನಾವು ನಾವೇ ಹೇಳಿಕೊಳ್ಳಬೇಕು.

ಸರಿ, ಅವರ ಕಥೆಗೆ ಬರುತ್ತೇನೆ. ಏಪ್ರಿಲ್‌ನಲ್ಲಿ ಒಂದು ಸಲ ಫೋನ್ ಮಾಡಿದೆ. ಮೇ ತಿಂಗಳಲ್ಲಿ ಅವರೇ ಮಾಡಿದರು, ಕಂಪನಿಯ ಯಜಮಾನರು ಒಪ್ಪುವುದಿಲ್ಲ ಎಂದರು. ಯಜಮಾನರ ಜೊತೆ ನಾನೇ ಮಾತನಾಡಿದೆ. ಅವರ ಆತಂಕ ನ್ಯಾಯವಾದದ್ದೇ: ನಾಳೆ ಸಂಘದವರು ಇದನ್ನು ನೋಡಿ ಗುತ್ತಿಗೆ ಬಿಟ್ಟರೆ? ಆಗ ನಾವು ಎಂಟು ಜನ ಕುಳಿತು ಒಂದು ತೀರ್ಮಾನ ಮಾಡಿದೆವು. ಮಧ್ಯಾಹ್ನದ ಊಟವಾದ ಮೇಲಿನ ಎರಡು ಭಾಷಣಗಳಿಗೆ ಕ್ಯಾಮೆರಾ ಇಲ್ಲ, ಫೋಟೊ ಇಲ್ಲ, ಕಂಪನಿಯ ಹೆಸರು ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲ. ಪ್ರಶ್ನೆ ಕೇಳುವವರು "ಹಾಗೇಕೆ ಮಾಡಿದಿರಿ" ಎಂದು ಕೇಳುವಂತಿಲ್ಲ, "ಆಮೇಲೆ ಏನಾಯಿತು" ಎಂದು ಕೇಳಬಹುದು. ನಮ್ಮಲ್ಲೇ ಇಬ್ಬರು ಒಪ್ಪಲಿಲ್ಲ. ರೆಕಾರ್ಡ್ ಆಗದ ಭಾಷಣ ಬರಲಾಗದವರಿಗೆ ಸಿಗುವುದಿಲ್ಲ, ಅದು ಅನ್ಯಾಯ ಎಂದು ಅವರ ವಾದ. ಆ ವಾದದಲ್ಲಿ ಹುರುಳಿದೆ, ಈಗಲೂ ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಕ್ಯಾಮೆರಾ ಇದ್ದರೆ ಆ ಭಾಷಣವೇ ಇಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು.

ಮಿಕ್ಕ ಕೆಲಸ ಎಲ್ಲ ಸಮ್ಮೇಳನಗಳಲ್ಲೂ ಇರುವಂಥದ್ದೇ. ಟೆಕ್ ಪಾರ್ಕಿನ ಕಂಪನಿಯೊಂದು ಸಭಾಂಗಣ ಕೊಟ್ಟಿತ್ತು. ಹಿಂದಿನ ಸಂಜೆ ಐದರೊಳಗೆ ಬರುವವರ ಹೆಸರು, ಲ್ಯಾಪ್‌ಟಾಪ್‌ಗಳ ಸೀರಿಯಲ್ ಸಂಖ್ಯೆ ಗೇಟಿಗೆ ಕೊಡಬೇಕಿತ್ತು. ಶುಲ್ಕವಿಲ್ಲದಿದ್ದರೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರುವುದಿಲ್ಲ, ಅನ್ನ ಹಾಳಾಗುತ್ತದೆ. ಅದಕ್ಕೇ ಈಗ 200 ರೂಪಾಯಿ ತೆಗೆದುಕೊಳ್ಳುತ್ತೇವೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಬಿಸಿಬೇಳೆಬಾತ್, ಮೊಸರನ್ನ. ಊಟದ ಖರ್ಚು ಪೂರ್ತಿ ಕೊಡುತ್ತೇವೆ, ಬೆಳಗಿನ ಮೊದಲ ಭಾಷಣ ನಮಗೆ ಕೊಡಿ ಎಂದ ಪ್ರಾಯೋಜಕರಿಗೆ ಬಾಗಿಲ ಪಕ್ಕ ಮೇಜು ಕೊಡುತ್ತೇವೆ, ವೇದಿಕೆ ಕೊಡುವುದಿಲ್ಲ ಎಂದೆವು. ಅವರು ಬರಲಿಲ್ಲ. ನಾನು ಆ ನಿರ್ಧಾರವನ್ನು ಇನ್ನೊಮ್ಮೆಯೂ ಹಾಗೆಯೇ ಮಾಡುತ್ತೇನೆ.

ಅವರು ಹಿಂದಿನ ರಾತ್ರಿಯ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಏಳಕ್ಕೇ ಗೇಟಿನ ಬಳಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಾಲ್ಕಾಗಿ ಮಡಿಸಿದ ಹಾಳೆ. ಇಂಗ್ಲಿಷಿನಲ್ಲಿ ಬರೆದು ತಂದಿದ್ದರು. ವೇದಿಕೆಯಲ್ಲಿ ಮೊದಲ ಎರಡು ವಾಕ್ಯ ಓದುವಷ್ಟರಲ್ಲಿ ಹಾಳೆ ನಡುಗುವುದು ನನಗೆ ಕಾಣುತ್ತಿತ್ತು. ಮೂರನೇ ವಾಕ್ಯಕ್ಕೆ ನಿಂತುಬಿಟ್ಟರು. ಹಿಂದಿನ ಸಾಲಿನಿಂದ ಯಾರೋ, "ಕನ್ನಡದಲ್ಲೇ ಹೇಳಿ ಸಾರ್" ಎಂದರು. ಪಕ್ಕದಲ್ಲಿದ್ದ ತೆಲುಗಿನವರೂ "ಹೇಳಲಿ, ನಮಗೆ ತಿಳಿಯುತ್ತದೆ" ಎಂದರು. ತಿಳಿಯದವರಿಗೆ ನಾನು ಇಂಗ್ಲಿಷ್ ಮಾಡಿ ಹೇಳುತ್ತೇನೆ ಎಂದು ಎದ್ದು ನಿಂತೆ. ಅವರು ಹಾಳೆಯನ್ನು ಜೇಬಿಗೆ ಹಾಕಿ ಮಾರ್ಕರ್ ತೆಗೆದುಕೊಂಡರು.

ಆಮೇಲಿನ ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಒಬ್ಬರೂ ಮೊಬೈಲ್ ನೋಡಲಿಲ್ಲ. 11, 1-1 ಬರೆದರು. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಲಿನಕ್ಸ್, ಹೊಸ ಲಿನಕ್ಸ್ ಎರಡನ್ನೂ ಪಕ್ಕಪಕ್ಕ ತೆರೆದು, ಎರಡು ಸಾಲಿನ ಅದೇ ಕಡತವನ್ನು ಎರಡರಲ್ಲೂ ವಿಂಗಡಿಸಿ ತೋರಿಸಿದರು. ಎಡಗಡೆ 11 ಮೇಲೆ. ಬಲಗಡೆ 1-1 ಮೇಲೆ. ಯಾರೋ "ಅಯ್ಯೋ" ಎಂದು ಉಸಿರು ಬಿಟ್ಟದ್ದು ಕೇಳಿಸಿತು. ಇಂಡೆಕ್ಸ್ ಕೆಟ್ಟಿದೆಯೇ ಎಂದು ನೋಡಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಆಮ್‌ಚೆಕ್ ಎಂಬ ಸಾಧನವಿದೆ, ಒಂದೇ ಸಾಲಿನ ಆಜ್ಞೆ. ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ನನಗೆ ಇದು ಮೊದಲೇ ಗೊತ್ತಿದ್ದರೆ ಆ ಮೂರು ರಾತ್ರಿ ಮಲಗುತ್ತಿದ್ದೆ" ಎಂದರು. ಫೋಟೊ ಬೇಡವೆಂದಿದ್ದೆವಲ್ಲ, ಜನ ಪುಸ್ತಕ ತೆಗೆದು ಬರೆದುಕೊಂಡರು. ಎಷ್ಟೋ ವರ್ಷದ ಮೇಲೆ ಅಷ್ಟು ಪೆನ್ನುಗಳನ್ನು ಒಟ್ಟಿಗೆ ನೋಡಿದೆ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದ್ದು ನನಗೆ ಬಹಳ ಹಿಡಿಸಿತು: "ಆ ರೈತರಿಗೆ ಏನು ಹೇಳಿದಿರಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಸಂಘಕ್ಕೆ ನಾನೇ ಹೋಗಿ ಹೇಳಿದೆ. ಒಬ್ಬ ಅಜ್ಜಿ ಬಾಕಿ 312 ರೂಪಾಯಿ ಎಣಿಸಿಕೊಂಡು, ಮಜ್ಜಿಗೆ ಕುಡಿದು ಹೋಗಪ್ಪ ಎಂದರು" ಎಂದರು.

ಸಂಜೆ ಕುರ್ಚಿ ಜೋಡಿಸುವಾಗ ಅವರೂ ಜೊತೆಗೆ ನಿಂತರು. ರಾತ್ರಿಯ ಬಸ್ಸಿಗೆ ಹೊರಡುವ ಮುಂಚೆ, ಮುಂದಿನ ಸಲ ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡ ಪಠ್ಯ ಹುಡುಕುವ ಬಗ್ಗೆ ಯಾರಾದರೂ ಮಾತನಾಡಲಿ ಎಂದು ಕೇಳಿಕೊಂಡರು. ತಮಿಳು, ಹಿಂದಿ, ನೇಪಾಳಿ ಪದಗಳ ಮೂಲರೂಪ ಗುರುತಿಸುವ ಸೌಲಭ್ಯ ಅದರಲ್ಲಿ ಇದೆ, ಕನ್ನಡಕ್ಕೆ ಇಲ್ಲ. "ಹಾಲಿನಲ್ಲಿ" ಎಂದು ಬರೆದದ್ದನ್ನು "ಹಾಲು" ಎಂದು ಹುಡುಕಿದರೆ ಸಿಗುವುದಿಲ್ಲ. ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಭಾಷಾಶಾಸ್ತ್ರ ಓದಿದವರು ಯಾರಾದರೂ ನಮ್ಮ ಜೊತೆ ಕೈಜೋಡಿಸಿದರೆ ಉಪಕಾರವಾಗುತ್ತದೆ.

ಸೋಮವಾರ ರಾತ್ರಿ ಒಂಬತ್ತಕ್ಕೆ ನನಗೊಂದು ಸಂದೇಶ ಬಂತು. ಸಮ್ಮೇಳನದಲ್ಲಿ ಮೂರನೇ ಸಾಲಿನಲ್ಲಿ ಕುಳಿತು ದಿನವಿಡೀ ಒಂದು ಮಾತೂ ಆಡದ ಹೆಣ್ಣುಮಗಳು. "ಅಕ್ಕಾ, ಬೋರ್ಡಿನ ಮೇಲಿದ್ದ ಆ ಸಾಲನ್ನು ನಮ್ಮಲ್ಲಿ ಓಡಿಸಿ ನೋಡಿದೆ. ಎರಡು ಇಂಡೆಕ್ಸ್ ಕೆಟ್ಟಿವೆ. ಹದಿನಾಲ್ಕು ತಿಂಗಳಿಂದ ಹಾಗೆಯೇ ಇವೆ. ಈಗ ಸರಿಮಾಡುತ್ತಿದ್ದೇನೆ."

ಮುಗಿದ ಮೇಲೆ ತಿಳಿಸಿ ಎಂದು ಬರೆದೆ. ಹನ್ನೊಂದೂವರೆಗೆ "ಮುಗಿಯಿತು" ಎಂದು ಬಂತು. ಮುಂದಿನ ಮೀಟಪ್‌ನಲ್ಲಿ ಇದನ್ನು ಹತ್ತು ನಿಮಿಷ ಹೇಳುತ್ತೀರಾ ಎಂದು ಕೇಳಿದೆ. ತುಂಬಾ ಹೊತ್ತು ಉತ್ತರ ಬರಲಿಲ್ಲ. ನಾನು ದೀಪ ಆರಿಸುವ ಹೊತ್ತಿಗೆ ಮೊಬೈಲ್ ಮಿನುಗಿತು.

"ಕ್ಯಾಮೆರಾ ಇರುವುದಿಲ್ಲ ತಾನೆ?"